ಮುದ್ರೆ ಬಿದ್ದ ಕಿಲೋಮೀಟರು

ತೂಕ ಮತ್ತು ಅಳತೆಗಳ ಪರಿಶೀಲನಾ ಕಚೇರಿಗೆ ಹೊಸದಾಗಿ ಬಂದ ವಿದ್ಯುತ್ ಕಾರು ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ನಾನೂರ ಹನ್ನೆರಡು ಕಿಲೋಮೀಟರ್ ಓಡುತ್ತದೆ. ಇದು ಯಾರ ಅಭಿಪ್ರಾಯವೂ ಅಲ್ಲ. ಕಾರಿನ ಜೊತೆಯಲ್ಲೇ ಬಂದ ಪ್ರಮಾಣಪತ್ರದಲ್ಲಿ ಹಾಗೆಂದು ಬರೆದಿದೆ, ಬರೆದದ್ದರ ಕೆಳಗೆ ದುಂಡನೆಯ ಮುದ್ರೆ ಇದೆ, ಮುದ್ರೆಯ ಮೇಲೆ ಸಹಿ ಇದೆ. ಆ ಪತ್ರಕ್ಕೆ ಕಟ್ಟು ಹಾಕಿಸಿ ಸಾಹೇಬರ ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಲಾಗಿದೆ. ಅಂಗಡಿಯ ತಕ್ಕಡಿಯಲ್ಲಿ ಐದು ಗ್ರಾಂ ಹೆಚ್ಚುಕಡಿಮೆಯಾದರೂ ಅಂಗಡಿಗೇ ಬೀಗ ಜಡಿಸುವ ಕಚೇರಿ ಅದು. ಅಂಥ ಕಡೆ ಮುದ್ರೆಗೆ ಎಷ್ಟು ಮರ್ಯಾದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾರು ಓಡಿಸುತ್ತಿದ್ದವನನ್ನು ಕಚೇರಿಯವರೆಲ್ಲ ಡ್ರೈವರಣ್ಣ ಎನ್ನುತ್ತಿದ್ದರು. ಮೂವತ್ತೊಂದು ವರ್ಷದ ನೌಕರಿ, ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ಕಚೇರಿಯಲ್ಲಿ ಒಂದು ರೂಢಿ ಇತ್ತು: ನಿವೃತ್ತರಾಗುವವರು ಯಾರೇ ಆಗಲಿ, ಕೊನೆಯ ದಿನ ಅವರನ್ನು ಕಾರಿನ ಹಿಂದಿನ ಸೀಟಿನಲ್ಲಿ ಸಾಹೇಬರ ಪಕ್ಕದಲ್ಲೇ ಕೂರಿಸಿ ಮನೆ ಬಾಗಿಲಿಗೆ ಬಿಟ್ಟುಬರುವುದು. ಡ್ರೈವರಣ್ಣ ಹಾಗೆ ನಲವತ್ತಾರು ಮಂದಿಯನ್ನು ಬಿಟ್ಟುಬಂದಿದ್ದ. ಮನೆಯ ಬೀದಿಗೆ ಕಾರು ತಿರುಗಿದ ಕೂಡಲೇ ಎಂಥ ಗಟ್ಟಿ ಆಸಾಮಿಯೂ ಕರ್ಚೀಫು ಹುಡುಕುವುದನ್ನು ಕನ್ನಡಿಯಲ್ಲಿ ನಲವತ್ತಾರು ಸಲ ನೋಡಿದ್ದ. ಹಿಂದಿನ ಸೀಟನ್ನು ದಿನಾ ಒರೆಸಿದ್ದನೇ ಹೊರತು ಅದರಲ್ಲಿ ಒಮ್ಮೆಯೂ ಕೂತವನಲ್ಲ. ನಲವತ್ತೇಳನೆಯವನಾಗಿ ಕೂರಬೇಕು ಎಂಬುದೊಂದೇ ಅವನ ಆಸೆ. ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದ ಅವನ ಹೆಂಡತಿ ಈ ಸುದ್ದಿಯನ್ನು ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳಿ, ಆ ದಿನ ಗೇಟಿನ ಎಡಗಡೆ ಯಾರು, ಬಲಗಡೆ ಯಾರು ನಿಲ್ಲಬೇಕೆಂಬುದನ್ನೂ ಗೊತ್ತು ಮಾಡಿಬಿಟ್ಟಿದ್ದಳು.

ಹೀಗಿರುವಾಗ ಹೊಸ ಕಾರಿನ ಮೊದಲ ದೂರದ ಪ್ರಯಾಣದ ದಿನ ಬಂತು. ಹೋಗುತ್ತ ನೂರೆಂಬತ್ತು, ಬರುತ್ತ ನೂರೆಂಬತ್ತು, ಒಟ್ಟು ಮುನ್ನೂರ ಅರವತ್ತು. ಪ್ರಮಾಣಪತ್ರದ ಪ್ರಕಾರ ಮನೆಗೆ ಬಂದಮೇಲೂ ಐವತ್ತೆರಡು ಕಿಲೋಮೀಟರ್ ಮಿಗಬೇಕು. ಸಾಹೇಬರು ಏಸಿ ಹಾಕಿಸಿಕೊಂಡು ಹಿಂದಿನ ಸೀಟಿನಲ್ಲಿ ನಿದ್ದೆ ಹೋದರು. ಹೋಗುವಾಗ ಘಾಟಿ ಹತ್ತಿದ್ದಾಯಿತು, ಬರುವಾಗ ಎದುರುಗಾಳಿ ಸಿಕ್ಕಿತು. ಇನ್ನೂರ ಮೂವತ್ತಾರನೆಯ ಕಿಲೋಮೀಟರಿನಲ್ಲಿ ಕಾರು ಒಂದು ಇಟ್ಟಿಗೆ ಭಟ್ಟಿಯ ಎದುರು, ಸದ್ದಿಲ್ಲದೆ, ಬಹಳ ಸಭ್ಯವಾಗಿ ನಿಂತುಕೊಂಡಿತು.

ಡ್ರೈವರಣ್ಣ ಕಚೇರಿಗೆ ಫೋನು ಮಾಡಿದ. ಫೋನೆತ್ತಿದವರು ಹೆಡ್ ಕ್ಲರ್ಕ್ ಮೇಡಂ. ಆ ಕಚೇರಿಯ ಅಷ್ಟೂ ಕಡತಗಳು ಅವರ ನಾಲಿಗೆಯ ತುದಿಯಲ್ಲಿದ್ದವು.

"ಕಾರು ನಿಂತುಹೋಗಿದೆ ಮೇಡಂ. ಇನ್ನೂರ ಮೂವತ್ತಾರಕ್ಕೇ ಚಾರ್ಜ್ ಖಾಲಿ."

"ಖಾಲಿ ಹೇಗಾಗತ್ತೆ ಡ್ರೈವರಣ್ಣ? ಇನ್ನೂ ನೂರ ಎಪ್ಪತ್ತಾರು ಕಿಲೋಮೀಟರ್ ಇದೆ. ಇಲ್ಲಿ ಪತ್ರ ನನ್ನ ಕಣ್ಣೆದುರಿಗೇ ಇದೆ."

"ಇಲ್ಲಿ ಕಾರು ನನ್ನ ಕಣ್ಣೆದುರಿಗೇ ಇದೆ ಮೇಡಂ."

"ಅದಕ್ಕೆ ಮುದ್ರೆ ಇದೆಯಾ?" ಎಂದು ಕೇಳಿ ಮೇಡಂ ಫೋನಿಟ್ಟರು. ಸಾಹೇಬರು ಇಟ್ಟಿಗೆ ಲಾರಿ ಹತ್ತಿ ಊರು ಸೇರಿದರು.

ಮರುದಿನ ಡ್ರೈವರಣ್ಣನ ಕೈಗೆ ಕಾರಣ ಕೇಳುವ ನೋಟಿಸು ಬಂತು. "ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ, ತಮ್ಮ ವಶಕ್ಕೆ ಒಪ್ಪಿಸಲಾಗಿದ್ದ ನಾನೂರ ಹನ್ನೆರಡು ಕಿಲೋಮೀಟರುಗಳ ಪೈಕಿ ತಾವು ಇನ್ನೂರ ಮೂವತ್ತಾರನ್ನು ಮಾತ್ರ ಹಾಜರುಪಡಿಸಿದ್ದು, ಉಳಿದ ನೂರ ಎಪ್ಪತ್ತಾರು ಕಿಲೋಮೀಟರುಗಳು ಕಾಣೆಯಾಗಿರುತ್ತವೆ. ಸದರಿ ಕಿಲೋಮೀಟರುಗಳನ್ನು ಎಲ್ಲಿ, ಯಾವಾಗ ಮತ್ತು ಯಾರ ಸಮ್ಮುಖದಲ್ಲಿ ಬಿಟ್ಟಿರಿ ಎಂಬುದಕ್ಕೆ ಲಿಖಿತ ವಿವರಣೆ ನೀಡತಕ್ಕದ್ದು. ವಿವರಣೆ ಸಮಾಧಾನಕರವಾಗಿ ಕಂಡುಬರುವವರೆಗೆ ತಮ್ಮ ಬೀಳ್ಕೊಡುಗೆ ಪ್ರಯಾಣವನ್ನು ತಡೆಹಿಡಿಯಲಾಗಿದೆ."

ಡ್ರೈವರಣ್ಣ ಕೊನೆಯ ಸಾಲನ್ನು ಬೆರಳಿಟ್ಟು ಮತ್ತೊಮ್ಮೆ ಓದಿದ. ಬೈಗುಳ ತಿಂದಿದ್ದ, ರಜೆ ಕಳಕೊಂಡಿದ್ದ, ಯಾವುದಕ್ಕೂ ಅಷ್ಟು ನೊಂದವನಲ್ಲ. ಗೇಟಿನ ಎರಡೂ ಕಡೆ ನಿಲ್ಲುವವರಿಗೆ ಏನು ಹೇಳುವುದು?

ಕಚೇರಿ ಅನ್ಯಾಯ ಮಾಡಿತು ಎನ್ನುವಂತಿಲ್ಲ. ತಪ್ಪು ರಸ್ತೆಯದ್ದೂ ಇರಬಹುದು, ಅಲ್ಲಿನ ಕಿಲೋಮೀಟರುಗಳು ಮಾಮೂಲಿಗಿಂತ ಉದ್ದವಿವೆಯೇ ಎಂದು ರಸ್ತೆ ಇಲಾಖೆಗೆ ಪತ್ರ ಹೋಯಿತು. ಮೂರು ವಾರದ ಮೇಲೆ ಉತ್ತರ ಬಂತು: ರಸ್ತೆಯು ತಮ್ಮ ವ್ಯಾಪ್ತಿಗೆ ಬರುತ್ತದೆ, ಆದರೆ ಕಾರಿನ ಓಟದ ವ್ಯಾಪ್ತಿಯು ತಮ್ಮ ವ್ಯಾಪ್ತಿಗೆ ಬರುವುದಿಲ್ಲ, ಕಾರಿನ ವ್ಯಾಪ್ತಿ ಯಾರ ವ್ಯಾಪ್ತಿಗೆ ಬರುತ್ತದೆಂದು ಹೇಳುವುದೂ ತಮ್ಮ ವ್ಯಾಪ್ತಿಯಲ್ಲಿಲ್ಲ. ಮೇಡಂ ಆ ಪತ್ರವನ್ನು ಎರಡು ಸಲ ಓದಿ, ಭಾಷೆ ಅಚ್ಚುಕಟ್ಟಾಗಿದೆ ಎಂದು ಮೆಚ್ಚಿ ಕಡತಕ್ಕೆ ಸೇರಿಸಿದರು.

ಬಳಿಕ ಕಾಣೆಯಾದವುಗಳನ್ನು ಹುಡುಕುವ ಪ್ರಯತ್ನ ಸುತ್ತೋಲೆಯ ರೂಪದಲ್ಲಿ ನಡೆಯಿತು. ಇನ್ನು ಮುಂದೆ ಕಾರಿನಲ್ಲಿ ಏಸಿ ಹಾಕಕೂಡದು. ಕಿಟಕಿ ತೆರೆದರೆ ಗಾಳಿ ತಡೆಯುವುದರಿಂದ ಕಿಟಕಿಯನ್ನೂ ತೆರೆಯಕೂಡದು. ಹಾರನ್ ಹೊಡೆಯುವ ಬದಲು ಚಾಲಕನು ಎದುರಿನವರನ್ನು ದುರುಗುಟ್ಟಿ ನೋಡತಕ್ಕದ್ದು. ಸಾಹೇಬರ ಊಟದ ಡಬ್ಬಿ, ಕಡತ ಹಾಗೂ ಬೂಟುಗಳನ್ನು ಬಸ್ಸಿನಲ್ಲಿ ಕಳಿಸತಕ್ಕದ್ದು. ಏರುದಾರಿಯನ್ನು ಆದಷ್ಟು ಬಿಟ್ಟು, ಹೋಗುವಾಗಲೂ ಬರುವಾಗಲೂ ಇಳಿಜಾರನ್ನೇ ಬಳಸತಕ್ಕದ್ದು. ಕೊನೆಯದೊಂದನ್ನು ಬಿಟ್ಟು ಎಲ್ಲವನ್ನೂ ಡ್ರೈವರಣ್ಣ ಚಾಚೂ ತಪ್ಪದೆ ಪಾಲಿಸಿದ. ಕಾರು ಈ ಸಲ ಇನ್ನೂರ ಐವತ್ತೊಂದು ಓಡಿತು. ಸಾಹೇಬರು ಬರಿಗಾಲಿನಲ್ಲಿ, ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿ ಕೆಳಗಿಳಿದರು. ಹದಿನೈದು ಕಿಲೋಮೀಟರ್ ಪತ್ತೆಯಾದದ್ದನ್ನು ಕಡತದಲ್ಲಿ ಸಂತೋಷದಿಂದ ದಾಖಲಿಸಲಾಯಿತು. ನೂರ ಅರವತ್ತೊಂದು ಇನ್ನೂ ಬಾಕಿ.

ನಿವೃತ್ತಿಗೆ ಎರಡು ತಿಂಗಳಿತ್ತು. ಡ್ರೈವರಣ್ಣ ಪ್ರಮಾಣಪತ್ರದ ನಕಲನ್ನು ಮನೆಗೆ ತಂದು ಹೆಂಡತಿಯ ಹೊಲಿಗೆ ಯಂತ್ರದ ಮೇಲೆ ಹರವಿದ. ಸೂಜಿಗೆ ದಾರ ಪೋಣಿಸುವ ಕಣ್ಣು ಅವಳದು. ಸಹಿಯ ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳನ್ನು ಅವಳೇ ಕಂಡುಹಿಡಿದಳು.

"ಏನ್ರೀ, ಇವರು ಕಾರನ್ನ ರಸ್ತೆಗೇ ಇಳಿಸಿಲ್ವಂತೆ. ಮುಚ್ಚಿದ ಕೋಣೆಯೊಳಗೆ ಉರುಳೆಗಳ ಮೇಲೆ ನಿಲ್ಲಿಸಿ, ಚಕ್ರ ತಿರುಗಿಸಿ ಅಳೆದಿದ್ದಾರೆ. ಗಾಳಿ ಇಲ್ಲ, ಏರಿಲ್ಲ, ಒಳಗೆ ಹಾಯಾದ ತಂಪು. ನಿಂತಲ್ಲೇ ನಾನೂರ ಹನ್ನೆರಡು."

ಡ್ರೈವರಣ್ಣನಿಗೆ ಹೋದ ಜೀವ ಬಂದಂತಾಯಿತು. ಆ ರಾತ್ರಿ ಕೂತು ವಿವರಣೆ ಬರೆದ: ಕಿಲೋಮೀಟರುಗಳನ್ನು ತಾನು ಎಲ್ಲಿಯೂ ಬಿಟ್ಟಿಲ್ಲ, ಅವು ಮೊದಲಿಂದಲೂ ಕೋಣೆಯಲ್ಲೇ ಇದ್ದವು, ರಸ್ತೆಗೆ ಬಂದೇ ಇಲ್ಲ. ಹೆಂಡತಿ ಓದಿ, ಇಷ್ಟು ಚೆನ್ನಾಗಿ ಬರೆಯುವವರು ಡ್ರೈವರಾಗಿ ಯಾಕೆ ಸವೆದಿರಿ ಎಂದಳು.

ಆ ವಿವರಣೆಯ ಮೇಲೆ ಸಭೆ ಸೇರಿತು. ಕೋಣೆಯ ಲೆಕ್ಕ ಬೇರೆ, ರಸ್ತೆಯ ಲೆಕ್ಕ ಬೇರೆ ಎಂದು ಒಪ್ಪಿ ಮುಗಿಸುತ್ತಾರೆಂದು ಡ್ರೈವರಣ್ಣ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಆದರೆ ಅಳತೆಯನ್ನೇ ಕಸುಬಾಗಿಸಿಕೊಂಡವರು ಹಾಗೆ ಯೋಚಿಸುವುದಿಲ್ಲ. ಮೇಡಂ ಎದ್ದು ಹೋಗಿ ಗಾಜಿನ ಕಪಾಟಿನತ್ತ ಕೈ ತೋರಿಸಿದರು. ಅದರೊಳಗೆ ಹಿತ್ತಾಳೆಯ ಒಂದು ಕಿಲೋ ತೂಕ ಮಖಮಲ್ಲಿನ ಮೇಲೆ ಕೂತಿತ್ತು. ಊರಿನ ಸಮಸ್ತ ತೂಕಗಳನ್ನೂ ಅದರೆದುರು ಇಟ್ಟೇ ಪರೀಕ್ಷಿಸುವುದು.

"ಸರ್, ಈ ಕಿಲೋಗೂ ಅಂಗಡಿಯವನ ಕಿಲೋಗೂ ವ್ಯತ್ಯಾಸ ಬಂದರೆ ನಾವು ಯಾವುದನ್ನ ತಪ್ಪು ಅಂತೀವಿ?"

"ಅಂಗಡಿಯವನದ್ದನ್ನ," ಎಂದರು ಸಾಹೇಬರು.

"ಯಾಕೆ? ನಮ್ಮದು ಕೋಣೆಯೊಳಗಿದೆ, ಅವನದು ಬೀದಿಯಲ್ಲಿದೆ. ಹಾಗೇ ಇದೂ. ಕೋಣೆಯೊಳಗೆ ಅಳೆದ ಕಿಲೋಮೀಟರಿಗೆ ಮುದ್ರೆ ಇದೆ. ರಸ್ತೆಯ ಕಿಲೋಮೀಟರಿಗೆ ಇವತ್ತಿನವರೆಗೆ ಯಾರಾದರೂ ಮುದ್ರೆ ಹೊಡೆದಿದ್ದಾರಾ?"

ಸಾಹೇಬರು ತಲೆ ತಗ್ಗಿಸಿದರು. ಇಷ್ಟು ವರ್ಷ ತಾವು ಮುದ್ರೆಯಿಲ್ಲದ ಕಿಲೋಮೀಟರುಗಳಲ್ಲಿ ಓಡಾಡಿದ್ದನ್ನು ನೆನೆದು ಅವರಿಗೆ ನಾಚಿಕೆಯಾಗಿರಬೇಕು. ಮುದ್ರೆಯಿಲ್ಲದ ಅಳತೆ ಬಳಸುವುದು ಅಪರಾಧ, ಅದಕ್ಕಾಗಿ ಆ ವರ್ಷವೇ ಮುನ್ನೂರು ಅಂಗಡಿ ಮುಚ್ಚಿಸಿದವರು ಅವರು.

ಆದೇಶ ಹೊರಟಿತು. ಕಚೇರಿಯ ಕಾರು ಇನ್ನು ಮುಂದೆ ಮುದ್ರೆ ಬಿದ್ದ ಕಿಲೋಮೀಟರುಗಳಲ್ಲಿ ಮಾತ್ರ ಚಲಿಸತಕ್ಕದ್ದು. ಹಿತ್ತಲಿನ ಶೆಡ್ಡಿನ ಕಿಟಕಿಗಳನ್ನು ಹಲಗೆ ಹೊಡೆದು ಮುಚ್ಚಿ, ನೆಲಕ್ಕೆ ಉರುಳೆಗಳನ್ನು ಕೂರಿಸಿ, ಕಾರನ್ನು ಅದರ ಮೇಲೇರಿಸಲಾಯಿತು. ಡ್ರೈವರಣ್ಣ ಸ್ಟೀರಿಂಗ್ ಹಿಡಿದು ಒಂದಿಡೀ ಹಗಲು ಎದುರಿನ ಗೋಡೆ ನೋಡುತ್ತ ಕೂತ. ಸಂಜೆಗೆ ಮೀಟರು ನಾನೂರ ಹನ್ನೆರಡು ತೋರಿಸಿ ಕಾರು ನಿಂತಿತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಶೆಡ್ಡಿನಲ್ಲಿ ಚಪ್ಪಾಳೆ ಬಿತ್ತು. ಕಾಣೆಯಾದವು ಸಿಕ್ಕಿದ್ದರಿಂದ ನೋಟಿಸನ್ನು ಹಿಂಪಡೆಯಲಾಯಿತು, ಬೀಳ್ಕೊಡುಗೆ ಪ್ರಯಾಣದ ತಡೆಯನ್ನೂ ತೆರವು ಮಾಡಲಾಯಿತು. ಡ್ರೈವರಣ್ಣ ಮನೆಗೆ ಹೋಗಿ ಹೆಂಡತಿಗೆ ವಿಷಯ ಹೇಳಿದ. ಅವಳು ಎದ್ದು ಹೋಗಿ ಎಡಗಡೆಯವರಿಗೂ ಬಲಗಡೆಯವರಿಗೂ ತಿಳಿಸಿ ಬಂದಳು.

ಹೊಸ ವ್ಯವಸ್ಥೆ ಬಲುಬೇಗ ಎಲ್ಲರಿಗೂ ಒಗ್ಗಿತು. ಸಾಹೇಬರು ಬೆಳಿಗ್ಗೆ ಶೆಡ್ಡಿನಲ್ಲಿ ಕಾರು ಹತ್ತಿದರೆ ನೂರೆಂಬತ್ತು ಕಿಲೋಮೀಟರ್ ಪ್ರಯಾಣ ಮಾಡಿ ಮಧ್ಯಾಹ್ನದ ಹೊತ್ತಿಗೆ ದೂರದ ಊರು ತಲುಪಿ, ಶೆಡ್ಡಿನಲ್ಲೇ ಇಳಿಯುತ್ತಿದ್ದರು. ಆ ಊರಿನ ವ್ಯಾಪಾರಿಗಳು ಬಸ್ಸು ಹಿಡಿದು ತಮ್ಮ ತಕ್ಕಡಿಗಳೊಂದಿಗೆ ಮೊದಲೇ ಬಂದು ಅಲ್ಲಿ ಕಾದಿರುತ್ತಿದ್ದರು. ಅವರಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಸರಿಯಾದ ತಕ್ಕಡಿಯೊಂದನ್ನು ಊರಿಗೆಲ್ಲ ಸೇರಿ ಇಟ್ಟುಕೊಂಡಿದ್ದರು, ಅದನ್ನೇ ಸರದಿಯ ಮೇಲೆ ತರುತ್ತಿದ್ದರು. ಕಳ್ಳತೂಕದ ಒಂದು ಪ್ರಕರಣವೂ ಸಿಗದೆ ಹೋದದ್ದನ್ನು ಕಂಡು ಮೇಲಿನವರು ಕಚೇರಿಗೆ ಪ್ರಶಂಸಾಪತ್ರ ಕಳಿಸಿದರು. ಒಮ್ಮೆ ಮಾತ್ರ ಸಾಹೇಬರಿಗೆ ಘಾಟಿಯ ತಿರುವುಗಳಲ್ಲಿ ತಲೆಸುತ್ತು ಬಂದು, ಡ್ರೈವರಣ್ಣ ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಹೇಗೆ ನಿಲ್ಲಿಸಿದ ಎಂದು ಯಾರೂ ಕೇಳಲಿಲ್ಲ.

ನಿವೃತ್ತಿಯ ದಿನ ಬಂತು. ಡ್ರೈವರಣ್ಣ ಹೆಂಡತಿ ಹೊಲಿದುಕೊಟ್ಟ ಬಿಳಿ ಅಂಗಿ ತೊಟ್ಟಿದ್ದ. ಭಾಷಣಗಳಾದವು, ಕೈಗೆ ಹೂವಿನ ಗುಚ್ಛ ಬಂತು. ಎಲ್ಲ ಮುಗಿದಮೇಲೆ ಅವನು ಸಾಹೇಬರ ಬಳಿ ಹೋಗಿ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ತನಗಾಗಿ ಏನನ್ನೋ ಕೇಳಿದ.

"ಸರ್, ಮನೆ ಹದಿನೆಂಟೇ ಕಿಲೋಮೀಟರ್. ಇವತ್ತೊಂದು ದಿನ ಕಾರನ್ನ ಉರುಳೆಯಿಂದ ಇಳಿಸಿದ್ರೆ... ಮನೆಯವಳು ಜನ ಸೇರಿಸಿಕೊಂಡು ಕಾಯ್ತಿದ್ದಾಳೆ."

ಸಾಹೇಬರ ಕಣ್ಣು ಒದ್ದೆಯಾಯಿತು. ಅವರು ಕೆಟ್ಟವರಲ್ಲ.

"ಅಲ್ಲ ಡ್ರೈವರಣ್ಣ, ಇಷ್ಟು ವರ್ಷ ನಿಯತ್ತಿನಿಂದ ದುಡಿದಿರೋ ನಿಮ್ಮನ್ನ ಮುದ್ರೆ ಇಲ್ಲದ ಕಿಲೋಮೀಟರಲ್ಲಿ ಮನೆಗೆ ಕಳಿಸೋದಾ? ಬೇರೆ ಯಾರಿಗಾದ್ರೂ ಮಾಡಿಯೇನು. ನಿಮಗೆ ಮಾಡೋಕೆ ಮನಸ್ಸು ಬರಲ್ಲ."

ಅವನನ್ನು ಭುಜ ಹಿಡಿದು ಕರೆದೊಯ್ದು ಹಿಂದಿನ ಸೀಟಿನಲ್ಲಿ ಕೂರಿಸಿದರು, ತಾವೂ ಪಕ್ಕದಲ್ಲಿ ಕೂತರು. ಹೊಸದಾಗಿ ಬಂದಿದ್ದ ಚಾಲಕ ಕಾರು ಹೊರಡಿಸಿದ. ಶೆಡ್ಡಿನ ಎರಡೂ ಗೋಡೆಗೆ ಒತ್ತಿ ನಿಂತಿದ್ದ ಸಿಬ್ಬಂದಿ ಕೈ ಬೀಸಿದರು. ಕಾರು ಮುಂದೆ ಹೋಗದ್ದರಿಂದ ಅವರು ಮೂವತ್ತೈದು ನಿಮಿಷವೂ ಕೈ ಬೀಸುತ್ತಲೇ ಇರಬೇಕಾಯಿತು, ಒಬ್ಬರೂ ಬೇಸರಪಡಲಿಲ್ಲ. ಡ್ರೈವರಣ್ಣ ಮೊದಮೊದಲು ಗೋಡೆ ನೋಡುತ್ತಿದ್ದ. ಮೀಟರು ಹದಿನೇಳೂವರೆ ತೋರಿಸಿದಾಗ, ಈಗ ತನ್ನ ಬೀದಿಯ ತಿರುವು ಎಂದು ಲೆಕ್ಕ ಹಾಕಿದ. ಕೈ ತಾನಾಗಿ ಕರ್ಚೀಫಿಗೆ ಹೋಯಿತು. ಹೊಸ ಚಾಲಕ ಅದನ್ನು ಕನ್ನಡಿಯಲ್ಲಿ ನೋಡಿ ಮುಖ ತಿರುಗಿಸಿಕೊಂಡ.

ಹದಿನೆಂಟಕ್ಕೆ ಸರಿಯಾಗಿ ಕಾರು ನಿಂತಿತು. ಮೇಡಂ ಬಂದು ಬಾಗಿಲು ತೆರೆದು, "ಮನೆ ಬಂತು ಡ್ರೈವರಣ್ಣ," ಎಂದರು. ಲಾಗ್ ಬುಕ್ ಮುಂದೆ ಹಿಡಿದರು. ಅವನು 'ಸುಖವಾಗಿ ಮನೆ ತಲುಪಿರುತ್ತೇನೆ' ಎಂದು ಬರೆದು ಸಹಿ ಹಾಕಿದ. ಮೇಡಂ ಅದರ ಮೇಲೆ ಮುದ್ರೆ ಒತ್ತಿದರು.

ಅಷ್ಟರಲ್ಲಿ ಹೆಂಡತಿಯ ಫೋನು ಬಂತು.

"ಎಲ್ಲಿದೀರ್ರೀ? ಎಲ್ಲರೂ ಗೇಟಿನ ಹತ್ತಿರ ನಿಂತು ಕಾಲು ನೋಯಿಸಿಕೊಳ್ತಿದ್ದಾರೆ."

ಡ್ರೈವರಣ್ಣ ಸಾಹೇಬರನ್ನು ನೋಡಿದ, ಮೇಡಂ ಅವರನ್ನು ನೋಡಿದ, ಇನ್ನೂ ಒಣಗದ ಮುದ್ರೆಯನ್ನು ನೋಡಿದ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು.

"ಬಂದಾಯ್ತು ಕಣೇ," ಎಂದ. "ಸಾಹೇಬರೂ ಜೊತೆಯಲ್ಲೇ ಬಂದಿದ್ದಾರೆ."

ಇರುವೆ ಸಾಲಿನಂಥ ಅಕ್ಷರಗಳನ್ನು ಮೊದಲು ಓದಿದವಳು ಅವಳೇ ಅಲ್ಲವೇ. ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅವಳು ಫೋನನ್ನು ಕಿವಿಯಿಂದ ಸರಿಸಿ, "ಬಂದ್ರಂತೆ," ಎಂದು ನೆರೆದವರಿಗೆ ಹೇಳಿದ್ದು ಅವನಿಗೆ ಕೇಳಿಸಿತು. ಆಮೇಲೆ ಗೇಟಿನ ಎಡಗಡೆಯವರೂ ಬಲಗಡೆಯವರೂ ಖಾಲಿ ರಸ್ತೆಯ ಕಡೆ ತಿರುಗಿ ಜೋರಾಗಿ ಚಪ್ಪಾಳೆ ತಟ್ಟಿದರು. ಡ್ರೈವರಣ್ಣ ಶೆಡ್ಡಿನ ನಡುವೆ ನಿಂತು, ಫೋನನ್ನು ಎರಡು ಅಂಗೈಗಳ ನಡುವೆ ಹಿಡಿದು, ಎಲ್ಲರಿಗೂ ಕೈಮುಗಿದ. ಚಪ್ಪಾಳೆ ನಿಂತಮೇಲೆ ಹೆಂಡತಿ ಮತ್ತೆ ಫೋನಿಗೆ ಬಂದು, ಎಲ್ಲ ಬಹಳ ಚೆನ್ನಾಗಿ ಆಯಿತೆಂದೂ, ಇನ್ನು ತಡಮಾಡದೆ ಆರರ ಬಸ್ಸು ಹಿಡಿಯಬೇಕೆಂದೂ ಹೇಳಿದಳು.