ಅತ್ತೆ ಕೊಯ್ದ ಮಾವಿನ ಗಿಡ

ಅಳಿಯನಾದವನು ಅತ್ತೆಯ ಉಪಕಾರ ಮರೆಯಬಾರದು ಎಂದು ತಿಳಿದವರು ಹೇಳುತ್ತಾರೆ. ನಾನು ಮರೆತಿಲ್ಲ. ಆದರೆ ಯಾವ ಉಪಕಾರ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಕಷ್ಟ. ನಮ್ಮ ಹಿತ್ತಲಿನ ಎಳೆಯ ಮಾವಿನ ಗಿಡವನ್ನು ಬುಡಕ್ಕೆ ಕೊಯ್ದುಹಾಕಿದ್ದಕ್ಕೆ ನಾನು ಅವರಿಗೆ ಋಣಿ ಎಂದರೆ ಜನ ನನ್ನ ಮುಖವನ್ನೊಮ್ಮೆ ನೋಡಿ ಮಾತು ಬದಲಿಸುತ್ತಾರೆ.

ಆಗ ನಮ್ಮ ಕಡೆ ರೇಷ್ಮೆಗೆ ಸುಗ್ಗಿಯ ಕಾಲ. ಕನಕಪುರದಿಂದ ರಾಮನಗರಕ್ಕೆ ಬರುವ ಬಸ್ಸುಗಳಲ್ಲಿ ಮನುಷ್ಯರಿಗಿಂತ ರೇಷ್ಮೆಗೂಡಿನ ಮೂಟೆಗಳಿಗೇ ಮರ್ಯಾದೆ ಹೆಚ್ಚು. ಹೆಣ್ಣು ನೋಡಲು ಹೋದವರೂ ಮೊದಲು ಹುಳ ಹೇಗಿವೆ ಎಂದು ವಿಚಾರಿಸಿ, ಆಮೇಲೆ ಹುಡುಗಿಯ ಸುದ್ದಿಗೆ ಬರುತ್ತಿದ್ದರು. ಖಾಲಿ ನೆಲ ಕಂಡರೆ ಅಲ್ಲಿ ಹಿಪ್ಪುನೇರಳೆ ನೆಡದೆ ಯಾರಿಗೂ ಸಮಾಧಾನವಿಲ್ಲ. ಕೋಡಿಹಳ್ಳಿಯಲ್ಲಿ ನನ್ನ ಮಾವನವರು ತೀರಿಕೊಂಡ ಮೇಲೆ, ಅವರು ನೆಟ್ಟು ಬೆಳೆಸಿದ್ದ ಮಾವಿನ ಮರವನ್ನು ಅತ್ತೆ ಕಡಿಸಿದ್ದೂ ಇದಕ್ಕೇ. ಹಿಪ್ಪುನೇರಳೆ ಸೊಪ್ಪಿನ ತೋಟಕ್ಕೆ ನೆರಳು ಬೀಳುತ್ತಿತ್ತಂತೆ. ನನ್ನ ಹೆಂಡತಿ ಸಾವಿತ್ರಿ ಜಗಳವಾಡಲಿಲ್ಲ. ಅವ್ವನ ಜೊತೆ ಅಳೆದು ತೂಗಿ ಮಾತಾಡಲು ಶುರು ಮಾಡಿದಳು, ಅದು ಜಗಳಕ್ಕಿಂತ ಕೆಟ್ಟದ್ದು. ಮರ ಉರುಳುವ ಮೊದಲು ಅದರದೊಂದು ಕುಡಿ ತಂದು, ಕಸಿ ಕಟ್ಟಿಸಿ, ರಾಮನಗರದ ನಮ್ಮ ಹಿತ್ತಲಲ್ಲಿ ನೆಟ್ಟಳು. ಅವ್ವನಿಗೆ ತಿಳಿಸಲಿಲ್ಲ. ಅಪ್ಪನ ಮರದ್ದೆಂದು ಉಳಿದದ್ದು ಅದೊಂದೇ ಗಿಡ.

ಒಂದು ಸಲ ಗೂಡು ಮಾರಿದ ಮೇಲೆ ಅತ್ತೆ ನಾಲ್ಕು ದಿನ ಇರಲು ಬಂದರು. ಸುಮ್ಮನೆ ಕೂರುವುದು ಅವರ ಜಾತಕದಲ್ಲಿಲ್ಲ. ನಾನು ಸಂಜೆ ಕಚೇರಿಯಿಂದ ಬರುವಷ್ಟರಲ್ಲಿ ಹಿತ್ತಲು ಚೊಕ್ಕಟವಾಗಿತ್ತು. ಮಾವಿನ ಗಿಡವಿದ್ದ ಕಡೆ ಗೇಣುದ್ದದ ಮೋಟು ನಿಂತಿತ್ತು.

"ಒಸಿ ಸೊರಗಿತ್ತು ಅಳಿಯಂದ್ರೇ, ಬುಡಕ್ಕೆ ಕುಯ್ದಿವ್ನಿ. ನಮ್ಮ ಸೊಪ್ಪಿನ ಕಡ್ಡಿ ನೋಡಿಲ್ವಾ, ಕುಯ್ದಷ್ಟೂ ಚಿಗುರ್ತದೆ."

ಸಾವಿತ್ರಿ ಬಂದು ನೋಡಿ, ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದಳು. ತೊಳೆದ ಅಕ್ಕಿಯನ್ನೇ ಮತ್ತೆ ತೊಳೆಯುತ್ತಿದ್ದುದನ್ನು ನೋಡಲಾರದೆ ಅದು ಯಾವ ಮರದ ಗಿಡವೆಂದು ನಾನೇ ಹೇಳಿಬಿಟ್ಟೆ. ಅತ್ತೆ ಮೋಟಿನ ಪಕ್ಕದಲ್ಲಿ ಕುಸಿದು ಕೂತರು. "ಒಂದೇ ಮರವ ಎಲ್ಡ್ ಕಿತ ಕಡ್ದಂಗಾಯ್ತಲ್ಲವ್ವ" ಎಂದರು. ಅವರನ್ನು ತರಾಟೆಗೆ ತೆಗೆದುಕೊಳ್ಳಲು ಮಾತು ಸಿದ್ಧ ಮಾಡಿಕೊಂಡಿದ್ದ ನಾನು ಒಂದು ಲೋಟ ನೀರು ತಂದುಕೊಟ್ಟೆ.

ಅತ್ತೆ ಊರಿಗೆ ಹೋಗಲಿಲ್ಲ. ಬಸ್ಸಿನಲ್ಲಿ ಬರುವವರ ಕೈಲಿ ಹುಳದ ಹಿಕ್ಕೆಯ ಗೊಬ್ಬರ ತರಿಸಿ ಬುಡಕ್ಕೆ ಹಾಕಿದರು. ಮೋಟಿನ ತಲೆಗೆ ಸಗಣಿ ಮೆತ್ತಿದರು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯೊಂದನ್ನು ನೆರಳಿಗೆ ಒರಗಿಸಿದರು. ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಕೆಂಪು ಚಿಗುರು ಕಂಡಿತು. ನಾನು ಬೀದಿಗೆಲ್ಲ ಸಾರಿ, ಎದುರು ಮನೆಯವರನ್ನು ಕರೆತಂದು ಕಾಫಿ ಕುಡಿಸಿದೆ. ಅವರು ಹೋದ ಮೇಲೆ ಸಾವಿತ್ರಿ ಬಗ್ಗಿ ನೋಡಿ, "ಇದು ಗಂಟಿನ ಕೆಳಗೆ ಬಂದಿದೆ ಕಣ್ರೀ" ಎಂದಳು. ಕಸಿ ಕಟ್ಟಿದ ಗಂಟಿನ ಕೆಳಗಿನದು ಯಾವುದೋ ಕಾಡು ಮಾವು. ಮೇಲೆ ಉಳಿದಿದ್ದ ಹೆಬ್ಬೆರಳುದ್ದ ಮಾತ್ರ ಮಾವನವರ ಮರ. ಅಲ್ಲಿ ಚಿಗುರಿನ ಸುಳಿವೇ ಇರಲಿಲ್ಲ.

"ಇದ ಕಿತ್ತಾಕ್ಬೇಕು. ಇದು ಇದ್ರೆ ಮೇಲಕ್ಕೆ ಜೀವ ಹತ್ತಾಕಿಲ್ಲ" ಎಂದರು ಅತ್ತೆ.

ನಾನು ಅಡ್ಡ ನಿಂತೆ. ಇರುವ ಹಸಿರನ್ನೂ ಕಿತ್ತರೆ ಉಳಿಯುವುದೇನು, ಕಾಡು ಮಾವಾದರೂ ಮಾವಲ್ಲವೇ ಎಂದು ದೊಡ್ಡ ಉಪನ್ಯಾಸವನ್ನೇ ಕೊಟ್ಟೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಆದರೆ ಅತ್ತೆಯೂ ಗಿಡ ಮುಟ್ಟಲಿಲ್ಲ. "ನೀನೇ ಕೀಳವ್ವ. ನನ್ನ ಕೈ ನಂಗೇ ನಂಬ್ಕೆ ಇಲ್ಲ" ಎಂದರು. ಸಾವಿತ್ರಿ ಅವ್ವನ ಕೈ ಹಿಡಿದು ಚಿಗುರಿನ ಮೇಲಿಟ್ಟಳು. ಇಬ್ಬರೂ ಸೇರಿ ಕಿತ್ತರು. ನಾನು ಮುನಿಸಿಕೊಂಡು ಒಳಗೆ ಹೋದೆ.

ಆಮೇಲೆ ದಿನವೂ ತಾಯಿ ಮಗಳು ಆ ಬೋಳು ಮೋಟಿನ ಎದುರು ಕೂತು ಕಾಯುತ್ತಿದ್ದರು. ಮೊದಮೊದಲು ಗಿಡದ ಮಾತು. ಬರಬರುತ್ತಾ ಮಾವನವರ ಮಾತು. ಮರ ಕಡಿಸಿದ ದಿನ ತಾನು ಊಟ ಮಾಡಿರಲಿಲ್ಲವೆಂದು ಅತ್ತೆ ಹೇಳಿದ್ದು ಅಲ್ಲಿಯೇ. ಚಿಗುರು ಗಂಟಿನ ಮೇಲೆಯೇ ಬಂತು, ತಡವಾಗಿ, ಅಕ್ಕಿಕಾಳಿನಷ್ಟು. ಅದು ಬರದೇ ಹೋಗಿದ್ದರೂ ನನ್ನ ಮನೆಯಲ್ಲಿ ಆ ಇಬ್ಬರ ನಗು ಮತ್ತೆ ಕೇಳಿಸಿತಲ್ಲ, ಅಷ್ಟಕ್ಕೇ ನಾನು ಋಣಿ.

ಗಿಡ ಮರವಾಗಿ ಮೊದಲ ಹಣ್ಣು ಬಿಟ್ಟಾಗ ಸಾವಿತ್ರಿ ಅದನ್ನು ಅವ್ವನ ಕೈಗಿಟ್ಟಳು. ಅತ್ತೆ ಸಿಪ್ಪೆ ಕಚ್ಚಿ ತೆಗೆದು ನಿಧಾನವಾಗಿ ತಿಂದು, ಓಟೆಯನ್ನೂ ಚೀಪಿ, "ಒಸಿ ಹುಳಿ ಐತೆ" ಎಂದರು. ಕಾಡು ಮಾವೇ ಗೆದ್ದುಬಿಟ್ಟಿತೇ?

"ಅದೇ ಮರ ಕಣವ್ವ" ಎಂದರು ಅತ್ತೆ. "ಅದ್ರದ್ದೂ ಹಿಂಗೇ ಹುಳಿ. ನಿಮ್ಮಪ್ಪ ಸಾಯೋಗಂಟ ಒಪ್ನಿಲ್ಲ." ತಾಯಿ ಮಗಳು ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮೊನ್ನೆ ಮಾಗಡಿಯಿಂದ ಬಂದಿದ್ದ ನೆಂಟರೊಬ್ಬರು ಈ ಹಣ್ಣು ಬಾಯಿಗಿಟ್ಟು ಮುಖ ಹಿಂಡಿದರು. ಹುಳಿಯೇ? ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿಕೊಳ್ಳಿ ಎಂದು ಅವರಿಗೆ ಬುದ್ಧಿ ಹೇಳಿ ಕಳಿಸಿದ್ದೇನೆ.