ತವರಿಗೆ ಹೊರಟ ಕಾರಿಗೊಂದು ಕಾರ್ಬೊರೇಟರ್

ಗ್ಯಾರೇಜು ಇಟ್ಟವನ ಬಾಳೇ ಇಷ್ಟು: ಚೆನ್ನಾಗಿ ಓಡುವ ಗಾಡಿ ನಮ್ಮ ಬಾಗಿಲಿಗೆ ಬರುವುದೇ ಇಲ್ಲ. ಕೆಟ್ಟದ್ದು ಬರುತ್ತದೆ, ಅದರ ಹಿಂದೆ ಮುಖ ಸಪ್ಪಗೆ ಮಾಡಿಕೊಂಡವರೊಬ್ಬರು ಬರುತ್ತಾರೆ, ಆಮೇಲೆ ಊರು ನಗುವಂಥದ್ದೇನೋ ಒಂದು ನಡೆದೇ ನಡೆಯುತ್ತದೆ. ನಂಜನಗೂಡಿನಲ್ಲಿ, ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ನನ್ನ ಗ್ಯಾರೇಜಿತ್ತು. ನಾನು ಹುಟ್ಟಾ ಅಳುಮುಂಜಿ. ಎಂಜಿನ್ ಸ್ಟಾರ್ಟ್ ಆದರೆ ಬೇರೆಯವರು ಖುಷಿಪಡುತ್ತಾರೆ, ನಾನು ಇದು ಎಲ್ಲಿ ಹೋಗಿ ನಿಲ್ಲುತ್ತದೋ ಎಂದು ಯೋಚಿಸುತ್ತೇನೆ. ಹಾಗಾಗಿ ಇಲ್ಲಿ ಹೇಳುವ ಪ್ರಸಂಗಗಳಿಗೆಲ್ಲ ನಕ್ಕವರು ಬೇರೆಯವರು. ನಾನು ನಕ್ಕಿದ್ದು ಒಂದೇ ಸಲ, ಅದೂ ನಗಬಾರದ ಜಾಗದಲ್ಲಿ.

೧. ತಲೆ ಕೆತ್ತಿಸಿದ ಎಂಜಿನ್

ದೇವನೂರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿಯಾಗಿದ್ದು ನಿವೃತ್ತರಾದ ಒಬ್ಬರು, ತೊಂಬತ್ತರ ದಶಕದ ನಡುವಿನಲ್ಲಿ, ಹಳೇ ಇಂಗ್ಲಿಷ್ ಕಾರೊಂದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಸ್ವಾತಂತ್ರ್ಯಕ್ಕೂ ಮುಂಚಿನ ಗಾಡಿ. ನರಸೀಪುರದ ಅವರ ಮಾವ ಮಗಳ ಮದುವೆಯಲ್ಲಿ ಕೊಟ್ಟಿದ್ದಂತೆ. ಆ ಮಗಳು, ಅಂದರೆ ಸೆಕ್ರೆಟರಿಯವರ ಹೆಂಡತಿ, ಟ್ರ್ಯಾಕ್ಟರ್ ಹತ್ತದೆ ಕಾರಿನೊಳಗೇ ಸೆರಗು ಹೊದ್ದು ಕೂತಿದ್ದರು. ನಾನು ಅವರನ್ನು ಅವ್ವ ಎನ್ನುತ್ತಿದ್ದೆ.

"ಎಂಜಿನ್ ಬೋರ್ ಮಾಡ್ಸಿ, ಹೆಡ್ ಕೆತ್ತಿಸಿದ್ದೀನಿ. ಈಗ ಹಳೇ ಕಾರ್ಬೊರೇಟರ್ ಒಪ್ತಾನೇ ಇಲ್ಲ" ಎಂದರು ಸೆಕ್ರೆಟರಿ.

ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಉಣಿಸುವುದು ಕಾರ್ಬೊರೇಟರ್ ಕೆಲಸ. ಇವರು ಎಂಜಿನ್ನಿನ ತಲೆ ಸವೆಸಿ, ಹೊಟ್ಟೆ ಕೊರೆಸಿ ದೊಡ್ಡದು ಮಾಡಿಸಿ, ಬಡಿಸುವ ಸೌಟು ಮಾತ್ರ ಹಳೇದನ್ನೇ ಇಟ್ಟುಕೊಂಡಿದ್ದರು. ಇಂಥ ಎಂಜಿನ್ನಿಗೆ ಅಂಗಡಿಯಲ್ಲಿ ಹೊಸದು ಸಿಗುವುದಿಲ್ಲ. ಬೇರೆ ಗಾಡಿಗಳದ್ದನ್ನು ಒಂದೊಂದಾಗಿ ಹಾಕಿ ನೋಡಬೇಕು.

ಇದಕ್ಕೆ ಇಷ್ಟೊಂದು ಒದ್ದಾಟ ಯಾಕೆ ಎಂದು ಕೇಳಿದ್ದಕ್ಕೆ ಅವ್ವ ಹೇಳಿದರು. "ನನ್ ತಮ್ಮ ನರಸೀಪುರದಲ್ಲಿ ಮನೆ ಕಟ್ಟಿ ಗೃಹಪ್ರವೇಶ ಮಾಡ್ದ. ಇವ್ರು ಆಗ್ತಾನೇ ಎಂಜಿನ್ ಕೆಲ್ಸ ಮಾಡ್ಸಿದ್ರು, ಅಪ್ಪನ ಕಾರಲ್ಲೇ ಓಗೋಣ ಅಂದ್ರು. ಕಾರು ಸೇತುವೆ ತಾವೇ ನಿಂತೋಯ್ತು. ರೇಷ್ಮೆ ಸೀರೆ ಎತ್ತಿ ಕಟ್ಕಂಡು ಪೆಂಡಾಲ್‌ವರ್ಗೂ ನಾನೂ ತಳ್ಳಿದ್ದೀನಿ ಕಣಪ್ಪ."

ಅವ್ವನ ತಮ್ಮ ನೆಂಟರೆಲ್ಲರ ಎದುರಿಗೆ ನಕ್ಕು, "ಭಾವ, ಅಪ್ಪನ ಕಾರು ತಳ್ಳಿಸ್ಕಳ್ದೆ ನಮ್ಮನೆ ಬಾಗ್ಲಿಗೆ ಬಂದ ದಿನ ನಾನೇ ಹಾರ ಇಟ್ಕಂಡು ಬಾಗ್ಲಲ್ಲಿ ಕೂತಿರ್ತೀನಿ" ಅಂದನಂತೆ. ಗಂಡನಿಗೆ ಅವಮಾನವಾಗಿದ್ದು ಕಂಡು ಅವ್ವ, "ಅಂಗಾರೆ ಅದ್ರಲ್ಲೇ ಬತ್ತೀನಿ. ಅಲ್ಲೀಗಂಟ ನಿನ್ ಒಸ್ಲು ತುಳಿಯಲ್ಲ" ಎಂದು ಊಟ ಮಾಡದೆ ಎದ್ದು ಬಂದಿದ್ದರು. ಅವತ್ತಿನಿಂದ ಬಸ್ಸಿನಲ್ಲೂ ತವರಿಗೆ ಹೋಗಿರಲಿಲ್ಲ.

"ಕಾರಿಗೆ ಮೊದ್ಲು ಏನಾಗಿತ್ತು ಸಾ?" ಎಂದು ಕೇಳಿದೆ.

"ಏನೂ ಆಗಿರ್ಲಿಲ್ಲ. ಚೆನ್ನಾಗೇ ಓಡ್ತಿತ್ತು."

"ಮತ್ಯಾಕೆ ಎಂಜಿನ್ ಬಿಚ್ಚಿಸಿದ್ರಿ?"

"ಚೆನ್ನಾಗಿ ಓಡ್ತಿತ್ತಲ್ಲಪ್ಪ, ಇನ್ನೂ ಚೆನ್ನಾಗಿ ಓಡ್ಲಿ ಅಂತ!"

೨. ಬೋಗುಣಿ

ಮೊದಲು ಜೀಪಿನ ಕಾರ್ಬೊರೇಟರ್ ಹಾಕಿದೆ. ಎಂಜಿನ್ ಗುಡುಗಿತು. ಸಮಸ್ಯೆ ಏನೆಂದರೆ ಅದು ಎತ್ತರ, ಬಾನೆಟ್ ಮುಚ್ಚಲಾಗಲಿಲ್ಲ. ಸೆಕ್ರೆಟರಿ ಹಿಂದೆ ಮುಂದೆ ನೋಡದೆ ಬಾನೆಟ್ಟಿಗೆ ದುಂಡಗೆ ತೂತು ಕೊಯ್ಯಿಸಿಬಿಟ್ಟರು. ಮಳೆ ನೀರು ಒಳಗೆ ಬೀಳಬಾರದಲ್ಲ, ಮನೆಯಿಂದ ಒಂದು ಸ್ಟೀಲ್ ಬೋಗುಣಿ ತಂದು ಅದರ ಮೇಲೆ ಕವುಚಿ ಹಾಕಿ ಬೋಲ್ಟ್ ಬಿಗಿಸಿದರು. ಹೆಮ್ಮರಗಾಲದ ಕಡೆ ಒಂದು ರೌಂಡು ಹೋಗಿ ಬರುವಷ್ಟರಲ್ಲಿ ಟ್ಯಾಂಕ್ ಒಣಗಿತ್ತು. ದಾರಿಯುದ್ದಕ್ಕೂ ಕಪ್ಪು ಹೊಗೆ.

ವಾಪಸು ಬಂದಾಗ ಅವ್ವ ಗ್ಯಾರೇಜಿನ ಬೆಂಚಿನ ಮೇಲೆ ಚೀಲ ಇಟ್ಟುಕೊಂಡು ಕಾಯುತ್ತಿದ್ದರು. ಕಾರು ಚೆನ್ನಾಗಿದ್ದರೆ ಅಲ್ಲಿಂದ ಹಾಗೇ ಹೊರಟುಬಿಡುವುದು ಎಂದು ತಮ್ಮನ ಮನೆಗೆ ಕಜ್ಜಾಯ ಮಾಡಿ ತಂದಿದ್ದರು. ಮಸಿ ಮೆತ್ತಿದ ಬೋಗುಣಿಯನ್ನು ದಿಟ್ಟಿಸಿ ನೋಡಿ ಅವರೆಂದರು: "ನನ್ನ ತವರಿಗೆ ಕರ್ಕಂಡೋಗಿ ಅಂದ್ರೆ ನನ್ ಪಾತ್ರೆ ಕರ್ಕಂಡು ಊರು ಸುತ್ತುಸ್ತಿದ್ದೀರಲ್ಲಾ!"

ಕಜ್ಜಾಯ ನಾನೇ ತಿಂದೆ. ಚೆನ್ನಾಗಿತ್ತು, ಬೇಜಾರಾಗಿದ್ದು ಅದಕ್ಕೇ.

೩. ಅವಸರದವರು

ದೊಡ್ಡದು ಕುಡಿಯುತ್ತದೆ ಎಂದು ಚಿಕ್ಕದಕ್ಕೆ ಕೈ ಹಾಕಿದೆವು. ಚಿಕ್ಕಯ್ಯನಛತ್ರದ ಗುಜರಿ ಅಂಗಡಿಯಲ್ಲಿ ಸಿಕ್ಕ ಯಾವುದೋ ಪುಟಾಣಿ ಕಾರಿನ ಕಾರ್ಬೊರೇಟರ್. ನಿಂತಲ್ಲಿ ಎಂಜಿನ್ ಎಷ್ಟು ಸದ್ದಿಲ್ಲದೆ ತಿರುಗುತ್ತಿತ್ತೆಂದರೆ, ಸೆಕ್ರೆಟರಿ ಬಾನೆಟ್ಟಿಗೆ ಕಿವಿ ಹಚ್ಚಿ ಕೇಳಿದರು. ಆದರೆ ರಸ್ತೆಗಿಳಿದರೆ ಉಸಿರೇ ಇಲ್ಲ. ಸಣ್ಣ ಏರಿನಲ್ಲೂ ನಡೆದು ಹೋಗುವವರು ನಮ್ಮನ್ನು ಹಿಂದೆ ಹಾಕುತ್ತಿದ್ದರು.

ಹಾಗೆ ಒಂದು ಏರಿನಲ್ಲಿ ತೆವಳುತ್ತಿರುವಾಗ ಹಿಂದಿನಿಂದ ತಮಟೆ ಸದ್ದು ಕೇಳಿತು. ಯಾರದೋ ಹೆಣ ಹೊತ್ತುಕೊಂಡು ಬರುತ್ತಿದ್ದರು. ಸ್ವಲ್ಪ ಹೊತ್ತು ನಮ್ಮ ಹಿಂದೆಯೇ ನಡೆದರು. ದಾರಿಯಲ್ಲಿ ಕಂಡವರೆಲ್ಲ ನಮ್ಮ ಕಾರೂ ಮೆರವಣಿಗೆಯದ್ದೇ ಎಂದುಕೊಂಡು ನಮಗೂ ಕೈ ಮುಗಿದರು. ಸೆಕ್ರೆಟರಿ ಸಂಕೋಚದಿಂದ ತಿರುಗಿ ಕೈ ಮುಗಿಯುತ್ತಿದ್ದರು. ಕೊನೆಗೆ ಚಟ್ಟ ಹೊತ್ತವರಲ್ಲಿ ಒಬ್ಬ ತಾಳ್ಮೆಗೆಟ್ಟು ಕಿಟಕಿಗೆ ಬಗ್ಗಿದ.

"ಸೈಡ್ ಬಿಡಿ ಸಾ. ಸತ್ತೋನ್ಗೆ ಇರೋ ಅವಸರಾನೂ ನಿಮ್ ಕಾರಿಗಿಲ್ವಲ್ಲಾ!"

೪. ಸೀಮೆಎಣ್ಣೆ

ಆಮೇಲೆ ಸೆಕ್ರೆಟರಿಯವರಿಗೆ ಜ್ಞಾನೋದಯವಾಯಿತು. ಗದ್ದೆಯ ಪಂಪ್‌ಸೆಟ್ಟು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುತ್ತದಲ್ಲ, ಕಾರು ಯಾಕೆ ಓಡಬಾರದು? ಬೇಡ ಸಾ ಎಂದೆ. ನನ್ನ ಬಾಯಲ್ಲಿ ಯಾವಾಗಲೂ ಬೇಡ ಎಂದೇ ಬರುವುದರಿಂದ ಅದಕ್ಕೆ ಬೆಲೆ ಇರಲಿಲ್ಲ. ಪಂಪ್‌ಸೆಟ್ಟಿನ ಕಾರ್ಬೊರೇಟರ್ ಹಾಕಿಸಿಯೇ ಬಿಟ್ಟರು.

ಕಾರು ಕೆಮ್ಮುತ್ತಾ ಪೇಟೆಯೊಳಗೆ ಹೋಗಿ, ನ್ಯಾಯಬೆಲೆ ಅಂಗಡಿಯ ಮುಂದೆ ಸರಿಯಾಗಿ ನಿಂತುಹೋಯಿತು. ಕಣ್ಣು ಉರಿಯುವಂಥ ಸೀಮೆಎಣ್ಣೆ ವಾಸನೆ. ಎಣ್ಣೆ ಬಂದಿಲ್ಲ ಎಂದು ಬೆಳಗ್ಗೆಯಿಂದ ಬೈಯುತ್ತಾ ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಕ್ಯಾನು ಹಿಡಿದು ಕಾರಿನ ಸುತ್ತ ಸೇರಿದರು. ನಾನು ಬಾನೆಟ್ ಎತ್ತಿದ್ದೇ ತಡ, ಸಾಲಾಗಿ ನಿಂತೇಬಿಟ್ಟರು. ಮುಂದಿದ್ದಾಕೆ ಕಾರ್ಡು ಚಾಚಿ ಹೇಳಿದಳು: "ತೂತಿರೋ ಡಬ್ಬದಲ್ಲಿ ತಂದಿದ್ರೂ ಚಿಂತಿಲ್ಲ ಸಾ, ಅಳತೆ ಮಾತ್ರ ಸರ್ಯಾಗಿ ಕೊಡಿ!"

೫. ಬಾಗಿನ

ಇದು ಅಷ್ಟು ನಗುವ ಸಂಗತಿಯಲ್ಲ. ಪ್ರತಿ ಗೌರಿ ಹಬ್ಬಕ್ಕೆ ಅವ್ವನಿಗೆ ಅವರ ತಮ್ಮ ಬಾಗಿನ ಕಳಿಸುತ್ತಿದ್ದ. ತಾನೇ ಬರಲು ಅವನಿಗೂ ಬಿಗುಮಾನ. ನರಸೀಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುವುದು, ಅವನು ನನ್ನ ಗ್ಯಾರೇಜಿಗೆ ಇಳಿಸುವುದು, ನಾನು ದೇವನೂರಿನ ಬಸ್ಸಿಗೆ ಹಾಕುವುದು. ಮೊರದ ಜೊತೆ ಪ್ರತಿಸಲ ಒಂದು ಪ್ರಶ್ನೆಯೂ ಬರುತ್ತಿತ್ತು: "ಕಾರು ರೆಡಿ ಆಯ್ತಾ ಅಂತ ಕೇಳಿದ್ರು." ಕಂಡಕ್ಟರ್ ನಗುತ್ತಿದ್ದ.

ಹೀಗೇ ವರ್ಷಗಳು ಉರುಳಿದವು. ಎರಡು ಸಾವಿರದ ಇಸವಿಯೂ ದಾಟಿತು. ಆ ಸಲದ ಹಬ್ಬದಲ್ಲಿ ಕಂಡಕ್ಟರ್ ನಗಲಿಲ್ಲ. "ಅವ್ರಿಗೆ ಮೈಯಲ್ಲಿ ಚೆನ್ನಾಗಿಲ್ಲ ಕಣಣ್ಣ. ಕಾರು ಬೇಗ ಮಾಡ್ಕೊಡು, ಈ ಸಲ ತಮಾಷೆಗಲ್ಲ ಅಂತ ಹೇಳು ಅಂದ್ರು."

ನಾನೇ ದೇವನೂರಿಗೆ ಹೋಗಿ ಹೇಳಿದೆ. "ಬಸ್ಸಲ್ಲಿ ಓಗ್ಬನ್ನಿ ಅವ್ವ, ಅದೇನು ಮಾ ದೂರವಾ?" ಎಂದೆ. ಅವ್ವ ಬಾಗಿನದ ಬಳೆಗಳನ್ನು ಒಂದೊಂದಾಗಿ ಕೈಗೇರಿಸಿಕೊಂಡರು. ಕಣ್ಣಲ್ಲಿ ನೀರಿತ್ತು. "ಬಸ್ಸಲ್ಲಿ ಓದ್ರೆ ಅವ್ನು ಎದ್ದು ಕೂತು ನಗ್ತಾನೆ ಕಣಪ್ಪ" ಎಂದರು. ಆಮೇಲೆ ಮೆಲ್ಲಗೆ, "ಎದ್ದು ಕೂತ್ರೆ ಒಳ್ಳೇದೇ ಅಲ್ವಾ? ಒಂದ್ ವಾರ ನೋಡು, ಆಗದಿದ್ರೆ ಬಸ್ಸಲ್ಲೇ ಓಯ್ತೀನಿ" ಎಂದರು.

೬. ಹಾರ

ಆ ವಾರ ನಾನು ಬೇರೆ ಗಾಡಿ ಮುಟ್ಟಲಿಲ್ಲ. ಹಳೇ ಟ್ಯಾಕ್ಸಿಯೊಂದರ ಕಾರ್ಬೊರೇಟರ್ ತಂದು, ಲೇತಿನಲ್ಲಿ ಅದಕ್ಕೊಂದು ಪ್ಲೇಟು ಮಾಡಿಸಿ ಕೂರಿಸಿ, ಪೆಟ್ರೋಲು ಚಿಮ್ಮುವ ಜೆಟ್ ಬದಲಿಸಿ ನೋಡಿದೆ. ಎಂಜಿನ್ ಒಪ್ಪಿಕೊಂಡಿತು! ಇಷ್ಟು ವರ್ಷ ಕಣ್ಣೆದುರಿಗೇ ಓಡಾಡುತ್ತಿದ್ದ ಟ್ಯಾಕ್ಸಿ. ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು.

ಒಂದೇ ಒಂದು ಕೊರತೆ. ಹೆಡ್ ಕೆತ್ತಿಸಿದ ಎಂಜಿನ್, ಬಿಸಿಯೇರಿದರೆ ಕೀ ತೆಗೆದ ಮೇಲೂ ಡುಗ್ ಡುಗ್ ಎಂದು ತಾನೇ ಓಡುತ್ತಿತ್ತು. ನಿಂತಾಗ ಎಂಜಿನ್ ತಿರುಗುವ ವೇಗ ಏರಿಸಿ ಇಳಿಸುವ ಸ್ಲೋ ಸ್ಕ್ರೂ ಇಳಿಸಿದರೆ ಸರಿಹೋಗುತ್ತದೆ ಎಂದೆ. ಸೆಕ್ರೆಟರಿ ನನ್ನ ಕೈ ಹಿಡಿದುಕೊಂಡರು. "ಇಳಿಸ್ಬೇಡ ಕಣೋ, ಇನ್ನೂ ಏರಿಸು. ಭಾಮೈದನ ಬಾಗಿಲಲ್ಲಿ ಮಾತ್ರ ಇದು ನಿಲ್ಲಕೂಡದು." ಏರಿಸಿದೆ.

ಹೊರಡಬೇಕೆಂದಿದ್ದ ದಿನ ಬೆಳಗ್ಗೆ ಎದುರಿನ ಎಸ್‌ಟಿಡಿ ಬೂತಿಗೆ ಫೋನ್ ಬಂತು. ತಮ್ಮ ಹೋಗಿಬಿಟ್ಟಿದ್ದ.

ಹೊರಟಿದ್ದು ಅದೇ ಕಾರಿನಲ್ಲೇ. ಸಾಮಾನಿನ ಚೀಲ ಹಿಡಿದು ನಾನು ಹಿಂದೆ ಕೂತೆ. ಕಾರು ಒಂದು ಸಲವೂ ಕೆಮ್ಮಲಿಲ್ಲ, ಏರಿನಲ್ಲಿ ಏದುಸಿರು ಬಿಡಲಿಲ್ಲ, ನರಸೀಪುರದ ಸೇತುವೆಯನ್ನು ಹೂವಿನಂತೆ ದಾಟಿತು. ಅದು ಅಷ್ಟು ಚೆನ್ನಾಗಿ ಓಡಿದಷ್ಟೂ ನನಗೆ ಅಳು ಬರುತ್ತಿತ್ತು.

ಮನೆ ಮುಂದೆ ಶಾಮಿಯಾನ, ಜನ. ನಮ್ಮ ಕಡೆಯ ಪದ್ಧತಿಯಂತೆ ಹೆಣವನ್ನು ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿಸಿ, ಕೊರಳ ತುಂಬ ಹಾರ ಹಾಕಿ ಕೂರಿಸಿದ್ದರು. ಕಾರು ಯಾರೂ ತಳ್ಳದೆ ತಾನಾಗಿಯೇ ಹೋಗಿ ಅವನೆದುರಿಗೆ ನಿಂತಿತು. ಅವ್ವ ಇಳಿದು ಒಂದು ಗಳಿಗೆ ಹಾಗೇ ನೋಡಿದರು.

"ಅವತ್ತು ಅಂದಂಗೇ ಕೂತವ್ನೆ ನೋಡಿ, ಹಾರ ಇಟ್ಕಂಡು" ಎಂದವರೇ ತಮ್ಮನ ಕಾಲು ಹಿಡಿದು ಗೋಳೋ ಎಂದು ಅತ್ತರು. ನೆಂಟರೂ ಅತ್ತರು. ಈ ಅಳುವಿನ ನಡುವೆ ಕಾರು ಮಾತ್ರ ಡುಗ್ ಡುಗ್ ಎನ್ನುತ್ತಲೇ ಇತ್ತು. ಹಿರಿಯರೊಬ್ಬರು ತಡೆಯಲಾರದೆ, "ಯಾರಯ್ಯಾ ಅದು, ಸಾವಿನ್ ಮನೆ ಮುಂದೆ? ಆಫ್ ಮಾಡ್ರಯ್ಯಾ!" ಎಂದು ಗದರಿದರು.

ಅವ್ವ ತಟ್ಟನೆ ತಲೆ ಎತ್ತಿದರು. "ಬ್ಯಾಡ! ಯಾರೂ ಆಫ್ ಮಾಡ್ಬ್ಯಾಡಿ. ಅಪ್ಪನ ಕಾರು ಓಡೋದ್ನ ಅವ್ನು ಒಂದ್ ಗಳಿಗೆ ಕೇಳ್ಲಿ."

ಎಲ್ಲರೂ ಸೆಕ್ರೆಟರಿಯ ಕಡೆ ತಿರುಗಿದರು. ಅವರು ಕಣ್ಣೊರೆಸಿಕೊಂಡು, ಜುಬ್ಬದ ಜೇಬಿನಿಂದ ಕೀ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ನಾನು ಬಂದ ತಕ್ಷಣವೇ ಆಫ್ ಮಾಡಿದ್ದೀನಿ ಕಣೇ. ಇದೇ ನಿಲ್ತಾ ಇಲ್ಲ!"

ಮೊದಲು ನಕ್ಕವರು ಅವ್ವ. ತಮ್ಮನ ಕಾಲು ಬಿಡದೆ, ಅಳುತ್ತಲೇ ನಕ್ಕರು. ಆಮೇಲೆ ನಾನೂ ನಕ್ಕೆ.