ಜಾಝ್ ಕೇಳಿದ ರೇಷ್ಮೆಹುಳುಗಳು

ಸುಳ್ಳು ಹೇಳುವುದಕ್ಕೆ ಬುದ್ಧಿ ಬೇಕು, ನೆನಪಿನ ಶಕ್ತಿ ಬೇಕು, ಮುಖದ ಮೇಲೆ ಹತೋಟಿ ಬೇಕು. ಸುಮ್ಮನಿರುವುದಕ್ಕೆ ಇದ್ಯಾವುದೂ ಬೇಡ. ಆದ್ದರಿಂದ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನಂಥವಳಿಗೂ ಅದು ಸಲೀಸಾಗಿ ಸಾಧ್ಯವಾಯಿತು. ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು: ಹುಳು ಸತ್ತದ್ದು ಅಣ್ಣಯ್ಯನ ಹಾಡಿನಿಂದಲ್ಲ, ನನ್ನಿಂದ. ಅದನ್ನು ಹೇಳದೆ ವರ್ಷಗಟ್ಟಲೆ ಕಳೆದೆ. ಹಾಗೆಂದು ನನ್ನ ಬಾಯಿ ಆಗ ಸುಮ್ಮನಿತ್ತೇ? ಊರಿನವರ ವಿಷಯವನ್ನೆಲ್ಲ ಬಿಡುವಿಲ್ಲದೆ ಆಡುತ್ತಿತ್ತು. ಈ ಒಂದು ಮಾತು ನಾಲಿಗೆಯ ತುದಿಗೆ ಬಂದಾಗ ಮಾತ್ರ ಅದಕ್ಕೆ ಎಲೆ ಅಡಿಕೆಯ ನೆನಪಾಗುತ್ತಿತ್ತು.

ನಮ್ಮ ಊರು ಜಂಗಮಕೋಟೆಯ ಹತ್ತಿರ. ನಮ್ಮದು ರೇಷ್ಮೆಹುಳು ಸಾಕುವ ಮನೆ. ಹೀಗೆಂದರೆ ಹುಳುಗಳು ನಮ್ಮ ಮನೆಯಲ್ಲಿದ್ದವು ಅಂತ ನೀವು ತಿಳಿಯಬಾರದು, ನಾವು ಹುಳುಗಳ ಮನೆಯಲ್ಲಿದ್ದೆವು. ಗಾಳಿ ಬೆಳಕಿನ ನಡುಮನೆ ಅವಕ್ಕೆ, ಜಗಲಿ ನಮಗೆ. ಹುಳು ಇದ್ದಷ್ಟು ದಿನ ಒಗ್ಗರಣೆ ಇಲ್ಲ, ಅವಕ್ಕೆ ವಾಸನೆ ಆಗದು. ಅಪ್ಪ ಬೀಡಿ ಸೇದಬೇಕಾದರೆ ಬದುವಿನ ತನಕ ನಡೆಯಬೇಕು, ಅದೂ ಗಾಳಿ ಯಾವ ಕಡೆಗೆ ಬೀಸುತ್ತಿದೆ ಅಂತ ಅಮ್ಮ ನೋಡಿ ಹೇಳಿದ ಮೇಲೆ. ಹುಳು ನಾಲ್ಕು ಸಲ ಸೊಪ್ಪು ಬಿಟ್ಟು, ತಲೆಯೆತ್ತಿಕೊಂಡು ಮಲಗಿ ಪೊರೆ ಕಳಚುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಹುಳು ಜ್ವರಕ್ಕೆ ಮಲಗಿತೆಂದರೆ ಅಮ್ಮ ಪಿಸುಮಾತಿನಲ್ಲೇ ಬೈಯುತ್ತಿದ್ದಳು. ನನಗೆ ನಿಜವಾದ ಜ್ವರ ಬಂದಾಗ ಇಷ್ಟು ಮರ್ಯಾದೆ ಸಿಕ್ಕಿದ್ದು ನನಗೆ ನೆನಪಿಲ್ಲ.

ಇಂಥ ಮನೆಗೆ ಅಣ್ಣಯ್ಯ ಒಂದು ಗ್ರಾಮಫೋನು ಹೊತ್ತು ತಂದ. ಅವನು ಬೆಂಗಳೂರಿನ ದಂಡಿನ ಕಡೆ ಮರದ ಸಾಮಾನು ರಿಪೇರಿ ಮಾಡುವ ಅಂಗಡಿಯಲ್ಲಿದ್ದ. ಅಂಗಡಿ ಮುಚ್ಚಿತು. ಅದೇ ಹೊತ್ತಿಗೆ, ಅವನು ಬೀರು ರಿಪೇರಿ ಮಾಡಿಕೊಟ್ಟಿದ್ದ ಒಬ್ಬ ಆಂಗ್ಲೋ ಇಂಡಿಯನ್ ಮುದುಕಿ ಇಂಗ್ಲೆಂಡಿಗೆ ಹೊರಟಳು. ಹೋಗುವಾಗ ಕೀ ಕೊಡುವ ಪೆಟ್ಟಿಗೆ, ಒಂದಷ್ಟು ಕರೀ ಪ್ಲೇಟುಗಳನ್ನು ಅಣ್ಣಯ್ಯನಿಗೆ ಕೊಟ್ಟು, ಇದು ಜಾಝ್, ಇದು ಬ್ಲೂಸ್ ಅಂತ ಪಾಠ ಹೇಳಿಕೊಟ್ಟು ಹೋದಳು. ನಾವೆಲ್ಲ ಹರಿಕಥೆ ಬರುತ್ತದೆ ಅಂತ ಕೂತೆವು. ಕೀ ತಿರುಗಿಸಿ ಮುಳ್ಳು ಇಟ್ಟದ್ದೇ, ಯಾವಳೋ ಒಬ್ಬಳು ಹೊಟ್ಟೆಯೊಳಗಿನಿಂದ ನರಳಿದಳು.

"ಇದು ಬ್ಲೂಸು ಕಣಮ್ಮ. ಬೇರೆಯವರ ಹೊಲದಲ್ಲಿ ದುಡಿಯೋ ಜನ ಕಟ್ಟಿದ ಹಾಡು. ಒಂದು ಸಾಲು ಹೇಳ್ತಾರೆ, ಮತ್ತೆ ಅದೇ ಸಾಲೇ ಹೇಳ್ತಾರೆ, ಮೂರನೇ ಸಾಲಿನಲ್ಲಿ ವಿಷಯ ಏನೂಂತ ಹೇಳ್ತಾರೆ" ಎಂದ ಅಣ್ಣಯ್ಯ.

"ಇದಕ್ಕೆ ಪೆಟ್ಟಿಗೆ ಯಾಕಪ್ಪ ಬೇಕಿತ್ತು? ನಿಮ್ಮಪ್ಪ ದಿನಾ ಹಿಂಗೇ ಮಾತಾಡೋದು" ಎಂದಳು ಅಮ್ಮ.

ಅಷ್ಟರಲ್ಲಿ ಪಕ್ಕದ ಮನೆಯ ವೆಂಕಟಮ್ಮತ್ತೆ ಸೆರಗನ್ನು ಬಾಯಿಗಿಟ್ಟುಕೊಂಡು ಓಡಿಬಂದು, ಯಾರು ಹೋದರು ಅಂತ ತೆಲುಗಿನಲ್ಲಿ ಅಳುತ್ತ ಕೇಳಿದಳು: "ಎವರು ಪೊಯ್ನಾರಮ್ಮಾ?" ಯಾರೂ ಹೋಗಿಲ್ಲ, ಪ್ಲೇಟು ಹಾಡುತ್ತಿದೆ ಅಂದರೂ ನಂಬಲಿಲ್ಲ. "ಇಷ್ಟು ಚೆನ್ನಾಗಿ ಅಳಬೇಕಾದ್ರೆ ಯಾರೋ ಹೋಗಿರಲೇಬೇಕು" ಎಂದು ಅಲ್ಲೇ ಕೂತು, ಬಂದದ್ದಕ್ಕೆ ತನ್ನ ಪಾಲಿನದನ್ನು ಅತ್ತು ಮುಗಿಸಿಯೇ ಎದ್ದಳು.

ಜಾಝನ್ನು ಅಣ್ಣಯ್ಯ ನನಗೆ ಬೇರೆ ಥರ ವಿವರಿಸಿದ. "ನಾವು ಚಿಂತಾಮಣಿ ಸಂತೆಗೆ ಹೋಗಲ್ವಾ ರತ್ನ? ಎಲ್ಲ ಒಂದೇ ಬಸ್ಸಲ್ಲಿ ಹೋಗ್ತೀವಿ. ಇಳಿದ ಮೇಲೆ ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ, ನೀನು ಬಳೆ ಅಂಗಡಿ ಕಡೆ. ಸಾಯಂಕಾಲ ಮತ್ತೆ ಎಲ್ಲ ಅದೇ ಬಸ್ಸಿಗೆ ಬರ್ತೀವಿ. ಇಷ್ಟೇ ಜಾಝು." ಇದಕ್ಕಿಂತ ಚೆನ್ನಾಗಿ ಯಾರಾದರೂ ಹೇಳಿದ್ದನ್ನು ನಾನು ಇವತ್ತಿಗೂ ಕೇಳಿಲ್ಲ. ನಮ್ಮಪ್ಪನಿಗೆ ಬಸ್ಸು ಎಷ್ಟೋ ಸಲ ತಪ್ಪಿಹೋಗುತ್ತಿತ್ತು. ಅಂಥವರೂ ಆ ಪ್ಲೇಟುಗಳಲ್ಲಿ ಇದ್ದರು.

ಅಣ್ಣಯ್ಯ ಊರಿಗೆಲ್ಲ ಇದನ್ನು ಶಿಫಾರಸು ಮಾಡತೊಡಗಿದ. ನಾಟಿ ವೈದ್ಯರು ಬೇರು ಕೊಡುವ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಪ್ಲೇಟು. ಹೆಂಡತಿ ತವರಿಗೆ ಹೋಗಿದ್ದರೆ ಬ್ಲೂಸ್ ಕೇಳಬೇಕು, ವಾಪಸು ಬಂದಿದ್ದರೆ ಜಾಝ್ ಕೇಳಬೇಕು. ಕ್ಷೌರ ಮಾಡಿಸಿಕೊಳ್ಳುವಾಗಲೂ ಬಿಡುತ್ತಿರಲಿಲ್ಲ. ತುತ್ತೂರಿಯವನು ಹೇಗೆ ಸ್ವರ ಎಳೆಯುತ್ತಾನೆ ಅಂತ ತಲೆ ಆಡಿಸಿ ತೋರಿಸಲು ಹೋಗಿ ಅರ್ಧ ಮೀಸೆ ಕಳೆದುಕೊಂಡು ಬಂದ. ಅಪ್ಪ ಅವನ ಮುಖ ನೋಡಿ, "ಇನ್ನರ್ಧನೂ ತೆಗೆಸಿಬಿಡು, ಇನ್ನರ್ಧನೂ ತೆಗೆಸಿಬಿಡು" ಎಂದು, ಸ್ವಲ್ಪ ಯೋಚಿಸಿ, "ಚೆನ್ನಾಗಿರಲ್ಲ" ಎಂದರು.

ಎಲ್ಲರ ಜೊತೆ ನಾನೂ ನಗುತ್ತಿದ್ದೆ. ನಕ್ಕವಳೇ ಸಿಕ್ಕಿಬಿದ್ದೆ. ಕೊನೆಯ ಜ್ವರ ಎದ್ದ ಹುಳುಗಳು ಹೊಟ್ಟೆಬಾಕರಂತೆ ಮೇಯುತ್ತಿದ್ದ ಸಮಯ. ಬೆಳಗ್ಗೆ ಮಳೆ ಬಂದು ಹಿಪ್ಪುನೇರಳೆ ಸೊಪ್ಪೆಲ್ಲ ತೊಯ್ದಿತ್ತು. ಅಪ್ಪನೂ ಅಣ್ಣಯ್ಯನೂ ಶಿಡ್ಲಘಟ್ಟಕ್ಕೆ ಹೋಗಿದ್ದರು. ಅಮ್ಮ ತೋಟಕ್ಕೆ ಹೊರಡುತ್ತ, "ಸೊಪ್ಪನ್ನ ತೆಳ್ಳಗೆ ಹರಡೇ. ನೀರು ಪೂರ್ತಿ ಆರಿದ ಮೇಲೆ ಹಾಕು. ಒದ್ದೆ ಸೊಪ್ಪು ಹುಳಕ್ಕೆ ವಿಷ ಕಣೇ" ಎಂದಳು. ಇದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತಿರುವ ಮಾತು. ನಾನು ಸೊಪ್ಪಿನ ಹೊರೆ ಬಿಚ್ಚುವ ಮುಂಚೆ, ಕೆಲಸ ಬೇಗ ಸಾಗಲಿ ಅಂತ ಒಂದೇ ಒಂದು ಪ್ಲೇಟು ಹಾಕಿದೆ.

ಅದರಲ್ಲಿ ಡೋಲು ಬಾರಿಸುವವನು ಕೋಲು ಬಿಟ್ಟು ಪೊರಕೆಯಂಥದ್ದೇನನ್ನೋ ಹಿಡಿದು ಡೋಲಿನ ಮೇಲೆ ಮೆಲ್ಲಗೆ ಸವರುತ್ತಿದ್ದ. ಸರ ಸರ, ಸರ ಸರ. ಹುಳುಗಳೆಲ್ಲ ಒಟ್ಟಿಗೆ ಸೊಪ್ಪು ಮೇಯುವ ಸದ್ದೇ ಅದು! ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದ ಸದ್ದು. ಅಲ್ಲಿ ತಟ್ಟೆಗಳಲ್ಲಿ ಹುಳು, ಇಲ್ಲಿ ಪ್ಲೇಟಿನಲ್ಲಿ ಅವನು, ಯಾರು ಯಾರಿಗೆ ತಾಳ ಹಾಕುತ್ತಿದ್ದಾರೋ ತಿಳಿಯಲಿಲ್ಲ. ಅದರ ಮೇಲೆ ಗಂಟಲು ಕಟ್ಟಿದ ನಾದಸ್ವರದಂಥ ವಾದ್ಯವೊಂದು ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದ ಹಾಗೆ ನಿಧಾನವಾಗಿ ಬಂತು. ಪ್ಲೇಟು ಮುಗಿಯಿತು. ಮತ್ತೆ ಹಾಕಿದೆ. ಮತ್ತೆ ಹಾಕಿದೆ. ಹಿತ್ತಲ ಬಾಗಿಲಲ್ಲಿ ಅಮ್ಮನ ಕೆಮ್ಮು ಕೇಳಿದಾಗ ಸೊಪ್ಪು ಕಟ್ಟಿದ ಹೊರೆಯಲ್ಲೇ ಬಿಸಿಯೇರಿ ಕೂತಿತ್ತು. ನಾನು ಮುಳ್ಳು ಎತ್ತಿ, ಹೊರೆ ಹರಿದು, ನೀರು ತೊಟ್ಟಿಕ್ಕುತ್ತಿದ್ದ ಸೊಪ್ಪನ್ನು ಎಲ್ಲ ತಟ್ಟೆಗಳಿಗೂ ಸುರಿದೆ. ಅಮ್ಮ ಕೈಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಹಸಿದ ಹುಳುಗಳು ಸೊಪ್ಪು ಕಾಣದಂತೆ ಅದರ ಮೇಲೆ ಹತ್ತಿದ್ದವು.

ಆಮೇಲೆ ನಡೆದದ್ದನ್ನು ಹುಳು ಸಾಕುವವರಿಗೆ ಹೇಳಬೇಕಾಗಿಲ್ಲ, ಸಾಕದವರಿಗೆ ಹೇಳಿ ಪ್ರಯೋಜನವಿಲ್ಲ. ಹುಳುಗಳು ಮೆತ್ತಗಾದವು, ಮೇವು ಬಿಟ್ಟವು, ಗೂಡು ಕಟ್ಟುವ ಮೊದಲೇ ಹೋದವು. ವೆಂಕಟಮ್ಮತ್ತೆ ಬಂದು ನೋಡಿ ತೀರ್ಪು ಕೊಟ್ಟಳು: "ದಿನಾ ಹೊತ್ತು ಮುಳುಗೋ ಹೊತ್ನಲ್ಲಿ ಮನೆಯಲ್ಲಿ ಸಾವಿನ ಅಳು ಕೇಳಿದ್ರೆ ಎಂಥ ಹುಳ ತಡ್ಕೊಳ್ತದಮ್ಮ? ಎದೆ ಒಡೆದು ಸತ್ತೋಗವೆ."

ಅಮ್ಮ ಗ್ರಾಮಫೋನಿನ ಕಡೆ ನೋಡಿದಳು. ಅಣ್ಣಯ್ಯ ಅಮ್ಮನ ಕಡೆ ನೋಡಿದ. ನಾನು ಸೂರಿನ ಕಡೆ ನೋಡಿದೆ.

ಆಗಲೇ ಹೇಳಬಹುದಿತ್ತು. ಆದರೆ ನನಗೆ ಗಂಡು ಹುಡುಕುತ್ತಿದ್ದರು. ಒದ್ದೆ ಸೊಪ್ಪು ಹಾಕಿದ ಹುಡುಗಿ ಅಂತ ಹೆಸರು ಬಿದ್ದರೆ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ನನ್ನನ್ನು ಯಾರು ಮಾಡಿಕೊಳ್ಳುತ್ತಾರೆ? ಕಣ್ಣು ಸ್ವಲ್ಪ ಮೆಳ್ಳೆ ಇದ್ದರೆ ನಡೆಯುತ್ತದೆ, ಇದು ನಡೆಯುವುದಿಲ್ಲ. ಅಣ್ಣಯ್ಯ ಮರುದಿನವೇ ಪೆಟ್ಟಿಗೆಯನ್ನೂ ಪ್ಲೇಟುಗಳನ್ನೂ ಬಸ್ಸಿನ ಟಾಪಿಗೆ ಹಾಕಿಕೊಂಡು ಹೋಗಿ, ಚಿಂತಾಮಣಿಯಲ್ಲಿ ಯಾರಿಗೋ ಕೊಟ್ಟು ಬರಿಗೈಯಲ್ಲಿ ಬಂದ. ಅವನು ಒಂದು ಮಾತು ಬೈದಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಅವನು ವೆಂಕಟಮ್ಮತ್ತೆಯನ್ನು ನಂಬಿಬಿಟ್ಟ! ಮೊದಲು ಎಷ್ಟು ಹುರುಪಿನಿಂದ ಶಿಫಾರಸು ಮಾಡಿದ್ದನೋ ಅಷ್ಟೇ ಹುರುಪಿನಿಂದ, "ಹುಳ ಸಾಕೋರು ಅದನ್ನ ಕೇಳಬೇಡ್ರಪ್ಪ, ನನ್ನ ನೋಡಿ ಬುದ್ಧಿ ಕಲೀರಿ" ಎಂದು ಊರೂರು ಸುತ್ತಿ ಸಾರಿದ. ಕೇಳಿದವರಲ್ಲಿ ಯಾರೂ ಜಾಝ್ ಎಂಬುದನ್ನು ಕಂಡವರಲ್ಲ. ಅದೊಂದು ಹೊಸ ರೋಗ ಎಂದು ತಿಳಿದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಕೆಲವೊಮ್ಮೆ ಸೊಪ್ಪು ಕುಯ್ಯುವಾಗ ಅವನ ಗಂಟಲಲ್ಲಿ ಆ ರಾಗ ಎದ್ದು, ತಟ್ಟನೆ ನಿಂತುಹೋಗುತ್ತಿತ್ತು. ಅವನು ಹೊಲದ ಸುತ್ತ ಗಾಬರಿಯಿಂದ ನೋಡುತ್ತಿದ್ದ. ನಾನು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ.

ನನ್ನ ಮದುವೆ ಗೌರಿಬಿದನೂರಿನ ಕಡೆ ಕಡಲೆಕಾಯಿ ಬೆಳೆಯುವ ಮನೆಗೆ ಆಯಿತು. ಕಡಲೆಕಾಯಿ ಏನನ್ನು ಕೇಳಿದರೂ ಸಾಯುವುದಿಲ್ಲ. ಆಮೇಲೆ ಅಣ್ಣಯ್ಯನಿಗೆ ಹೆಣ್ಣು ನೋಡಲು ಚಿಂತಾಮಣಿಯ ಹತ್ತಿರದ ಒಂದು ಹಳ್ಳಿಗೆ ಅಪ್ಪ, ಅಮ್ಮ, ನಾನು ಅವನ ಜೊತೆ ಹೋದೆವು. ಅವರದೂ ಹುಳುಮನೆ. ಪಕ್ಕದ ಕೋಣೆಯಲ್ಲೇ ಹುಳು ಮೇಯುತ್ತಿದ್ದ ಸದ್ದು. ಹುಡುಗಿಯ ತಂದೆ ಹೊಸದಾಗಿ ತಂದಿದ್ದ ರೇಡಿಯೋ ನಮಗೆ ತೋರಿಸಲೆಂದೇ ಮಗಳಿಗೆ ಹಾಕಲು ಹೇಳಿದರು. ಆ ಹುಡುಗಿ ಯಾವುದೋ ದೂರದ ಸ್ಟೇಷನ್ ಹಿಡಿದಳು. ಗೊರಗೊರ ಸದ್ದಿನ ನಡುವಿನಿಂದ ಎದ್ದು ಬಂತಲ್ಲ, ಅದೇ ಗಂಟಲು ಕಟ್ಟಿದ ನಾದಸ್ವರ!

ಅಣ್ಣಯ್ಯನ ಮುಖ ಒಂದು ಗಳಿಗೆ ಅರಳಿತು. ಮರುಗಳಿಗೆ ಅವನು ಉಪ್ಪಿಟ್ಟಿನ ತಟ್ಟೆ ದಾಟಿ ಹಾರಿ ರೇಡಿಯೋದ ಕಿವಿ ತಿರುಚಿದ. "ಬೇಡ ಯಜಮಾನ್ರೇ! ಒಳಗೆ ಹುಳ ಅವೆ! ಎಲ್ಲ ಸತ್ತೋಗ್ತವೆ!"

ಹುಳುಮನೆಯಲ್ಲಿ ಕೂತು ಆಡುವ ಮಾತೇ ಇದು? ಯಜಮಾನರು ಎದ್ದು ನಿಂತರು. "ಹೆಣ್ಣು ಕೇಳೋಕೆ ಬಂದೋರಾ, ಶಾಪ ಹಾಕೋಕೆ ಬಂದೋರಾ?"

"ತಪ್ಪು ತಿಳ್ಕೋಬೇಡಿ, ತಪ್ಪು ತಿಳ್ಕೋಬೇಡಿ" ಎಂದರು ಅಪ್ಪ. ಮೂರನೇ ಸಾಲು ಬರಲಿಲ್ಲ.

ಹುಡುಗಿ ಮೆಲ್ಲಗೆ, "ನಾನು ದಿನಾ ಇದನ್ನೇ ಕೇಳ್ತೀನಿ. ನಮ್ಮ ಹುಳ ಗೂಡು ಚೆನ್ನಾಗೇ ಕಟ್ತವೆ" ಎಂದಳು.

"ನಿಮಗೆ ಗೊತ್ತಿಲ್ಲಮ್ಮ, ನಮ್ಮನೇಲಿ ಒಂದೂ ಉಳೀಲಿಲ್ಲ" ಎಂದ ಅಣ್ಣಯ್ಯ, ಕಣ್ಣಲ್ಲಿ ನೀರು ತಂದುಕೊಂಡು. ಜಾಝ್ ಕೇಳುವ ಹುಡುಗಿ ಇಡೀ ಜಿಲ್ಲೆಯಲ್ಲಿ ಒಬ್ಬಳೇ ಇರಬೇಕು. ಅವಳು ಅವನೆದುರೇ ನಿಂತಿದ್ದಾಳೆ, ಅವಳ ಅಪ್ಪ ನಮ್ಮ ಚಪ್ಪಲಿಗಳ ಕಡೆ ಕೈ ತೋರಿಸುತ್ತಿದ್ದಾರೆ. ಅಂದು ಎಲೆ ಅಡಿಕೆಯ ತಟ್ಟೆಯೂ ನನ್ನ ಕೈಗೆ ಎಟುಕದಷ್ಟು ದೂರದಲ್ಲಿತ್ತು.

"ಹಾಡಿಂದಲ್ಲ! ನಾನು ಒದ್ದೆ ಸೊಪ್ಪು ಹಾಕಿದ್ದು!" ಎಂದು ಕೂಗಿಬಿಟ್ಟೆ.

ಅಮ್ಮ ಗಲ್ಲಕ್ಕೆ ಕೈ ಇಟ್ಟಳು. ಯಜಮಾನರು ಕೂತುಕೊಂಡರು. "ಒದ್ದೆ ಸೊಪ್ಪಾ? ಕೊನೇ ಜ್ವರ ಎದ್ದ ಹುಳಕ್ಕಾ?" ಎಂದು ಕೇಳಿ, ನನ್ನನ್ನು ಕೊಲೆಗಾರ್ತಿಯನ್ನು ನೋಡುವಂತೆ ನೋಡಿ, ಅಪ್ಪನ ಕಡೆ ತಿರುಗಿದರು. "ಈ ಮಗಳನ್ನ ಕೊಟ್ಟಾಯ್ತು ತಾನೇ? ವಾಪಸ್ ಬರಲ್ವಲ್ಲ?"

"ಬರಲ್ಲ, ಬರಲ್ಲ. ಗೌರಿಬಿದನೂರು" ಎಂದರು ಅಪ್ಪ.

"ಹಂಗಾದ್ರೆ ಮಾತಾಡಣ. ಉಪ್ಪಿಟ್ಟು ಹಾಕಮ್ಮ" ಎಂದರು ಯಜಮಾನರು.

ಅಣ್ಣಯ್ಯ ಇದ್ಯಾವುದನ್ನೂ ಕೇಳಿಸಿಕೊಂಡಿರಲಿಲ್ಲ. "ಹಾಡಿಂದಲ್ವಾ?" ಎಂದು ನನ್ನನ್ನು ಕೇಳಿದ. "ಅಲ್ಲ" ಎಂದೆ. "ನಿಜವಾಗ್ಲೂ ಅಲ್ವಾ?" ಎಂದ. ಬೈಯುತ್ತಾನೇನೋ ಅಂತ ಕಣ್ಣು ಮುಚ್ಚಿಕೊಂಡೆ. ಅವನು ಹೋಗಿ ರೇಡಿಯೋದ ಕಿವಿ ಮತ್ತೆ ತಿರುಗಿಸಿ, ಕಿವಿಗೊಟ್ಟು ನಿಂತ. ಹಾಡು ಮುಗಿದುಹೋಗಿತ್ತು. ಯಾರೋ ಇಂಗ್ಲಿಷಿನಲ್ಲಿ ಗಂಭೀರವಾಗಿ ಏನನ್ನೋ ಓದುತ್ತಿದ್ದರು. "ಹೋಯ್ತಲ್ಲ ರತ್ನಮ್ಮ" ಎಂದು ಅವನು ಮಗುವಿನ ಹಾಗೆ ನನ್ನ ಮುಖ ನೋಡಿದ. ಇಷ್ಟು ವರ್ಷ ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಿದ್ದ ದೊಡ್ಡ ಕ್ಷಮಾಪಣೆ ಒಂದಿತ್ತು. ಅದರ ಒಂದು ಪದವೂ ನೆನಪಿಗೆ ಬರಲಿಲ್ಲ. ಎಲ್ಲರ ಎದುರಿಗೇ, ಜೋರಾಗಿ, ಬಾಯಿಗೆ ಬಂದದ್ದನ್ನು ಹೇಳಿದೆ:

"ತಪ್ಪಾಯ್ತು ಅಣ್ಣಯ್ಯ. ಒಂಚೂರು ಮುಂಚೆ ಬಾಯಿ ಬಿಟ್ಟಿದ್ರೆ ಪೂರ್ತಿ ಹಾಡು ಕೇಳಬಹುದಿತ್ತು."